ಅಮ್ಮನ ಹಿಡಿಸೂಡಿ, ಇಲ್ಲಿನ ‘ಹೂವರ್’

ಶನಿವಾರ ಉಡುಪಿಯ ಅಮ್ಮನ ಹತ್ತಿರ ವಿಡಿಯೋ ಕಾಲಿನಲ್ಲಿ ಮಾತಾಡ್ತಿದ್ದೆ. ಪಕ್ಕದ ಕೋಣೆಯಲ್ಲಿ ನಮ್ಮವರು ವ್ಯಾಕ್ಯೂಮ್ ಕ್ಲೀನರ್ ಶುರು ಮಾಡಿದರು. “ಎಂತ ಮಗಾ ಅದು, ಅಕ್ಕಿ ಮಿಲ್ಲಿನ ಹಾಗೆ ಕೇಳ್ತದೆ?”

ಇಂಗ್ಲೆಂಡಿನ ಲೆಸ್ಟರಿನ ನಮ್ಮ ಮನೆಯಲ್ಲಿ ಮೂಲೆ ಮೂಲೆಗೂ ಕಾರ್ಪೆಟ್. ಹಿಡಿಸೂಡಿಗೆ ಇಲ್ಲಿ ಕೆಲಸವಿಲ್ಲ. ಮೆಷಿನ್ ಯಾವ ಕಂಪನಿಯದ್ದಾದರೂ ಇಲ್ಲಿಯವರ ಬಾಯಲ್ಲಿ ಅದು ‘ಹೂವರ್’.

ಇದರ ಕತೆ ಶುರುವಾದದ್ದೂ ಇದೇ ದೇಶದಲ್ಲಿ. ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ಲಂಡನ್ನಿನಲ್ಲಿ ನೋಡಿದ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಊದುವ ಬದಲು ಎಳೆದರೆ ಹೇಗೆ ಅಂತ ಯೋಚಿಸಿದ. ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಕಿ ಬಾಯಿಯಿಂದ ಉಸಿರೆಳೆದು ನೋಡಿದ. ಧೂಳು ಬಟ್ಟೆಗೆ ಅಂಟಿತ್ತು! 1901ರಲ್ಲಿ ಅವನು ಮಾಡಿದ ಯಂತ್ರ ಕುದುರೆಗಾಡಿಯಷ್ಟು ದೊಡ್ಡದು. ಅದು ರಸ್ತೆಯಲ್ಲೇ ನಿಲ್ಲುತ್ತಿತ್ತು, ಉದ್ದದ ಪೈಪುಗಳು ಕಿಟಕಿಯಿಂದ ಮನೆಯೊಳಗೆ ಹೋಗುತ್ತಿದ್ದವು.

ಅದನ್ನು ಮನೆಯೊಳಗೆ ತಂದ ಮನುಷ್ಯನ ಮೇಲೆ ನನಗೆ ಹೆಚ್ಚು ಪ್ರೀತಿ. ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್, ಅಮೆರಿಕದ ಒಹಾಯೋದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದವನು. ಅವನಿಗೆ ದಮ್ಮು ಇತ್ತು, ಗುಡಿಸಿದ ಧೂಳಿಗೆ ಕೆಮ್ಮು ಏರುತ್ತಿತ್ತು. ಫ್ಯಾನಿನ ಮೋಟರು, ಒಂದು ಪೆಟ್ಟಿಗೆ, ಪೊರಕೆಯ ಹಿಡಿ, ಧೂಳು ತುಂಬಲು ತಲೆದಿಂಬಿನ ಕವರು: ಇಷ್ಟನ್ನು ಜೋಡಿಸಿದ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವನು ಚರ್ಮದ ಸಾಮಾನು ಮಾಡುತ್ತಿದ್ದ ವಿಲಿಯಂ ಹೂವರ್. ಹೆಸರು ಅವನದ್ದೇ ಉಳಿಯಿತು, ನನಗೆ ಅದು ಈಗಲೂ ಬೇಸರ.

ಅಮ್ಮನಿಗೂ ದಮ್ಮು ಉಂಟು. ಅಟ್ಟ ಗುಡಿಸಿದ ದಿನ ಸೆರಗನ್ನು ಮೂಗಿಗೆ ಹಿಡಿದು ಜಗಲಿಯಲ್ಲಿ ಕೂತಿರುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಹಿಡಿಸೂಡಿ ದೊಡ್ಡ ಕಸವನ್ನು ಒಟ್ಟು ಮಾಡ್ತದೆ, ಸಣ್ಣ ಧೂಳನ್ನು ಗಾಳಿಗೇ ಬಿಡ್ತದೆ. ಒಳ್ಳೆಯ ಫಿಲ್ಟರ್ ಇಲ್ಲದ ಮೆಷಿನೂ ಹಾಗೆಯೇ, ಎಳೆದ ಧೂಳನ್ನು ಹಿಂದಿನಿಂದ ಊದುತ್ತದೆ. ಹಾಗಾಗಿ ಊರಲ್ಲಿ ತೆಗೆದುಕೊಳ್ಳುವವರು ತೀರಾ ಸಣ್ಣ ಧೂಳನ್ನೂ ಹಿಡಿದಿಡುವ ಹೆಪಾ (HEPA) ಫಿಲ್ಟರ್ ಉಂಟಾ ಅಂತ ಕೇಳಿಯೇ ತೆಗೆದುಕೊಳ್ಳಿ.

ಕೆಲಸ ಮುಗಿದ ಮೇಲೆ ಮೆಷಿನಿನ ಡಬ್ಬಿಯನ್ನು ಕ್ಯಾಮರಾದ ಹತ್ತಿರ ಹಿಡಿದು ತೋರಿಸಿದೆ. ಬೂದಿ ಬಣ್ಣದ ಹತ್ತಿಯಂಥ ಉಂಡೆ, ಅದರಲ್ಲಿ ನನ್ನ ಕೂದಲು, ನಾಲ್ಕು ಅವಲಕ್ಕಿ. “ಅಯ್ಯೋ, ಇಷ್ಟು ಧೂಳು ಮನೆಯೊಳಗಾ?” ಅಂತ ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಡಿಸೆಂಬರಿನಲ್ಲಿ ಬರುವಾಗ ಮಂಗಳೂರಲ್ಲಿ ಒಂದು ತೆಗೆದುಕೊಂಡೇ ಬರ್ತೇನೆ ಅಂದೆ.

“ಹಾಸಿಗೆಗೆ, ಅಟ್ಟಕ್ಕೆ ಬೇಕಾದರೆ ತಾ. ಅಂಗಳಕ್ಕೆ ನನ್ನ ಹಿಡಿಸೂಡಿಯೇ ಆಗಬೇಕು.”