ಬಳ್ಳಾರಿ ಜಾಲಿ, ಎರಡು ಕೊಡಲಿ, ಒಂದು ತಲವಾರು

ಫೆಬ್ರುವರಿ, ಎರಡನೇ ವಾರ

ಗದಗಿನಿಂದ ಡಂಬಳ ರಸ್ತೆಗೆ ನಮ್ಮದೊಂದು ಎರಿ ಹೊಲ. ಬದುವಿನ ತುಂಬ ಬಳ್ಳಾರಿ ಜಾಲಿ ಹಬ್ಬಿ ಈ ಸಲ ಎರಡು ಸಾಲು ಕಡಲೆಯನ್ನೇ ನುಂಗಿಬಿಟ್ಟಿತು. ಜೆಸಿಬಿ ತರಿಸಿದರೆ ಬದುವೂ ಉಳಿಯುವುದಿಲ್ಲ. ರವಿವಾರಕ್ಕೊಮ್ಮೆ ಹೋಗಿ ಕೈಯಿಂದಲೇ ಕಡಿಯುವುದು ಅಂತ ಠರಾಯಿಸಿದೆ. ಮನೆಯಲ್ಲಿದ್ದ ಆಯುಧ ಮೂರು: ಆನ್‌ಲೈನಿನಲ್ಲಿ 850 ರೂಪಾಯಿಗೆ ತರಿಸಿದ ಮಚ್ಚು, ಪೇಟೆಯ ಅಂಗಡಿಯಲ್ಲಿ 380ಕ್ಕೆ ಕೊಂಡ ಕೊಡಲಿ, ಹೋದ ಖಂಡೆಪೂಜೆಗೆ (ಆಯುಧಪೂಜೆಗೆ) ನನ್ನ ತಮ್ಮ ಹುರುಪಿನಿಂದ 1,600 ಕೊಟ್ಟು ತಂದ ತಲವಾರು. ತಲವಾರು ಜಾಲಿ ಕಡಿಯಲಿಕ್ಕಲ್ಲ, ಗೊತ್ತು. ಅದರ ಕಥೆ ಆಮೇಲೆ.

ಮಚ್ಚಿನದು 18 ಅಂಗುಲದ ಅಲಗು, ದಪ್ಪ 2 ಮಿಲಿಮೀಟರ್. ಪೆಟ್ಟಿಗೆಯಿಂದ ತೆಗೆದಾಗ ಅದರ ಬಾಯಿ ಕಾಗದವನ್ನೂ ಕೊಯ್ಯಲಿಲ್ಲ. ಅರ ಹಿಡಿದು ಉಜ್ಜಿದೆ. ಜಾರಲಿಲ್ಲ, ಕಚ್ಚಿತು; ಪುಡಿ ಉದುರಿತು. ಉಕ್ಕು ಮೆತ್ತಗಿದೆ ಅಂತ ಬೈಯುವವರು ಬಹಳ, ನನಗೆ ಹಾಗನ್ನಿಸಲಿಲ್ಲ. ಮಚ್ಚನ್ನು ಬೇಕೆಂದೇ ಅಷ್ಟು ಮೆತ್ತಗೆ ಇಟ್ಟಿರುತ್ತಾರೆ. ಗಟ್ಟಿ ಮಾಡಿದರೆ ಕಲ್ಲಿಗೆ ತಾಗಿದಾಗ ಬಾಯಿ ಚಕ್ಕೆ ಎದ್ದು ಹೋಗುತ್ತದೆ, ಹೊಲದಲ್ಲಿ ಕೂತು ಅರದಿಂದ ಮಸೆಯಲೂ ಆಗುವುದಿಲ್ಲ.

ಮಾರ್ಚ್, ಮೊದಲ ವಾರ

ಬೆರಳು ದಪ್ಪದ ಹಸಿ ಟೊಂಗೆಗೆ ಮಚ್ಚೇ ಸರಿ, ಒಂದೇ ಏಟಿಗೆ ಮುಗಿಯುತ್ತದೆ. ಮಣಿಕಟ್ಟಿನಷ್ಟು ದಪ್ಪದ ಒಣ ಜಾಲಿಗೆ ಹಾಕಿದರೆ ಮಾತ್ರ ಪುಟಿದು ಬಂದು ಮೊಳಕೈತನಕ ಜುಂ ಅನ್ನಿಸುತ್ತದೆ. ಅಲಗಿನಲ್ಲಿ ತೂಕವೇ ಇಲ್ಲ, ಬೀಸಿದ ವೇಗವಷ್ಟೇ ಅದರ ಬಲ. ಮೂರನೇ ರವಿವಾರಕ್ಕೆ ಪ್ಲಾಸ್ಟಿಕ್ ಹಿಡಿಕೆಯ ಒಂದು ರಿವೆಟ್ ಸಡಿಲಾಯಿತು. ಒಳಗೆ ಪೊಳ್ಳು. ಈಗ ಅಲ್ಲಿ ಎರಡು ನಟ್ಟು-ಬೋಲ್ಟು, ಮೇಲೆ ಸೈಕಲ್ ಟ್ಯೂಬಿನ ಸುತ್ತು. ನೋಡಲಿಕ್ಕೆ ಅಸಹ್ಯ, ಕೈಗೆ ಹಿತ.

ಅಂಗಡಿ ಕೊಡಲಿಯದು ಬೇರೆ ರಗಳೆ. ಕಾವು (ಕಟ್ಟಿಗೆಯ ಹಿಡಿಕೆ) ತೂರುವ ಜಾಗ ಅಂದರೆ ಒಂದು ಪೈಪಿನ ತುಂಡು, ಅದಕ್ಕೆ ಪಟ್ಟಿ ತಂದು ವೆಲ್ಡಿಂಗ್ ಮಾಡಿದ್ದಾರೆ. ವೆಲ್ಡಿಂಗ್ ಬಿಡಲಿಲ್ಲ, ಅಷ್ಟು ಹೇಳಬೇಕು. ಬಿಟ್ಟದ್ದು ಕಾವು. ಬಿಸಿಲಿಗೆ ಒಣಗಿ ಸಣ್ಣಗಾಗಿ, ಎತ್ತಿದ ಕೊಡಲಿಯ ತಲೆ ಬೆನ್ನ ಹಿಂದೆ ಹಾರಿ ಕಡಲೆ ಹೊಟ್ಟಿನ ಬಣವಿಯೊಳಗೆ ಹೋಗಿ ಬಿತ್ತು. ಹಿಂದೆ ಯಾರೂ ಇರಲಿಲ್ಲ. ಆ ದಿನ ಮತ್ತೆ ಕೆಲಸ ಮಾಡಲಿಲ್ಲ.

ಪಕ್ಕದ ಹೊಲದ ಕಾಕಾ ಹೇಳಿದಂತೆ ತಲೆ ಕೂರಿಸಿ ಕೊಡಲಿಯನ್ನು ರಾತ್ರಿಯೆಲ್ಲ ಬಕೀಟಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಬಿಗಿಯಾಗಿತ್ತು, ಎರಡು ದಿನಕ್ಕೆ ಮೊದಲಿಗಿಂತ ಸಡಿಲ. ಯಾಕೆಂದರೆ ನೆನೆದ ಕಟ್ಟಿಗೆ ಉಬ್ಬಲು ನೋಡುತ್ತದೆ, ಸುತ್ತ ಕಬ್ಬಿಣ ಬಿಡುವುದಿಲ್ಲ, ಒಳಗಿನ ನಾರು ಜಜ್ಜಿ ಹೋಗುತ್ತದೆ. ಒಣಗಿದಾಗ ಮೊದಲಿನ ಗಾತ್ರಕ್ಕೂ ಬರುವುದಿಲ್ಲ. ಅಗಸಿ ಎಣ್ಣೆ ಕುಡಿಸುವುದು ವಾಸಿ.

ಮಾರ್ಚ್, ಕೊನೆಯ ವಾರ

ಇದು ನನ್ನದೇ ದಡ್ಡತನ, ಬರೆದಿಡುತ್ತೇನೆ. ಕೊಡಲಿಗೆ ಬಾಯಿ ತೆಗೆಯಲು ಗೆಳೆಯನ ಗ್ಯಾರೇಜಿನ ಗ್ರೈಂಡರಿಗೆ ಹಿಡಿದೆ. ಕಿಡಿ ಹಾರುವುದು ನೋಡುತ್ತ ಮೈಮರೆತೆ. ಬಾಯಿ ಮೊದಲು ಹಳದಿ, ನಂತರ ನೀಲಿ, ಆಮೇಲೆ ಬೂದು. ಹದ, ಅಂದರೆ ಕಾಯಿಸಿ ಅದ್ದಿ ಕೊಟ್ಟ ಗಟ್ಟಿತನ, ಹೋಯಿತು. ಮರುದಿನ ನಾಲ್ಕು ಏಟಿಗೆ ಬಾಯಿ ಸೀಸದ ಹಾಗೆ ಮಡಚಿಕೊಂಡಿತು. ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದಬೇಕಿತ್ತು.

ಅದನ್ನೇ ತೆಗೆದುಕೊಂಡು ಕಂಬಾರರ ಕುಲುಮೆಗೆ ಹೋದೆ. ಅವರು ತಿರುಗಿಸಿ ನೋಡಿ, “ಇದಕ್ಕ ಹದಾ ಹಾಕಿದ್ರ ನನ್ನ ಇದ್ಲಿ ದಂಡ್ರಿ. ಲಾರಿ ಕಮಾನ ಪಟ್ಟಿ ತರ್ರಿ, ಹೊಸಾದ ಬಡದ ಕೊಡ್ತೀನಿ,” ಅಂದರು. ಗುಜರಿಯಲ್ಲಿ ಲಾರಿ ಸ್ಪ್ರಿಂಗಿನ ಪಟ್ಟಿ ಸಿಕ್ಕಿತು. ಹದ ಹಿಡಿಯುವಷ್ಟು, ಸುಮಾರು ಅರ್ಧ ಶೇಕಡಾ, ಕಾರ್ಬನ್ ಇರುವ ಈ ಉಕ್ಕು ಬಾಗಿ ಬಾಗಿ ದಣಿದದ್ದು. ಕೆಲವಕ್ಕೆ ಕಣ್ಣಿಗೆ ಕಾಣದ ಸೀಳು ಇರುತ್ತದೆ. ಅವರು ಸುತ್ತಿಗೆಯಿಂದ ತಟ್ಟಿ ದನಿ ಕೇಳಿಯೇ ಒಂದು ತುದಿಯನ್ನು ಬಿಸಾಕಿದರು.

ಹದ ಹಾಕುವುದನ್ನು ಹತ್ತಿರದಿಂದ ನೋಡಿದೆ. ಕೆಂಪಗೆ ಕಾಯಿಸಿ ಬಾಯಿಯನ್ನಷ್ಟೇ ಎರಡು ಬೆರಳು ಎಣ್ಣೆಗೆ ಅದ್ದಿ ತೆಗೆದರು. ಕಲ್ಲಿನಿಂದ ಗಸಗಸ ತಿಕ್ಕಿ ಬೆಳ್ಳಗೆ ಮಾಡಿದರು. ಹಿಂಬದಿಯಲ್ಲಿ ಉಳಿದಿದ್ದ ಬಿಸಿ ನಿಧಾನಕ್ಕೆ ಬಾಯಿಯ ಕಡೆ ಹರಿಯತೊಡಗಿತು, ಅದರ ಜೊತೆ ಬಣ್ಣವೂ.

“ನೋಡ್ರಿ, ಕುಡಗೋಲಿಗೆ ಆದ್ರ ಕಣಿಕಿ ಬಣ್ಣಕ್ಕ ನಿಲ್ಲಸಬೇಕು. ಕೊಡ್ಲಿಗೆ ಬದ್ನಿಕಾಯಿ ಬಣ್ಣಾ ಬರೂ ತನಕ ಕಾಯಬೇಕು,” ಅನ್ನುತ್ತಲೇ ನೀರಿಗೆ ಅದ್ದಿಬಿಟ್ಟರು. ಪುಸ್ತಕದ ಲೆಕ್ಕದಲ್ಲಿ ಕಣಿಕಿ (ಒಣ ಮೇವಿನ ದಂಟು) ಬಣ್ಣವೆಂದರೆ ಸುಮಾರು 220 ಡಿಗ್ರಿ, ಬದನೆಕಾಯಿ 280ರ ಆಸುಪಾಸು. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಎರಡು ತರಕಾರಿ-ಮೇವಿನ ಹೆಸರಲ್ಲೇ ಕೆಲಸ ಮುಗಿಯಿತು. ಕೂಲಿ 600, ಪಟ್ಟಿಗೆ 150.

ಏಪ್ರಿಲ್

ಹೊಸ ಕೊಡಲಿಯ ತೂಕ ಒಂದು ಕಿಲೋ ನೂರು ಗ್ರಾಂ. ಮೂರು ರವಿವಾರದಲ್ಲಿ ಹದಿನೇಳು ಬುಡ ತೆಗೆದಿದ್ದೇನೆ. ಬಳ್ಳಾರಿ ಜಾಲಿಯನ್ನು ನೆಲದ ಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತದೆ. ಮಣ್ಣು ಕೆದರಿ ಬುಡದ ಗಂಟಿನ ಕೆಳಗೇ ಕಡಿಯಬೇಕು. ಹಾಗಾಗಿ ಬಾಯಿಗೆ ಮಣ್ಣು, ಗರಸು ಎಲ್ಲ ತಾಗುತ್ತದೆ. ಮೊಂಡಾಗುತ್ತದೆ, ಚಕ್ಕೆ ಎದ್ದಿಲ್ಲ. ಅರದಿಂದ ಐದು ನಿಮಿಷ ಸಾಕು. ಚಪ್ಪಲಿ ತೂರಿದ ಮುಳ್ಳುಗಳ ಲೆಕ್ಕ ಬೇರೆ.

ಮೇ

ಈಗ ತಲವಾರು. ಅಲಗಿನ ಮೇಲೆ ನೀರಿನ ಅಲೆಯಂಥ ಚಿತ್ತಾರ, ಡಮಾಸ್ಕಸ್, ಅಂದರೆ ಪದರ ಪದರವಾಗಿ ಬಡಿದ ಉಕ್ಕು, ಅಂತ ಹೇಳಿ ಮಾರಿದ್ದರು. ಹಿಡಿಕೆ ಕಿಚಕಿಚ ಅನ್ನತೊಡಗಿತ್ತು, ತುದಿಯ ನಟ್ಟು ತಿರುವಿ ಬಿಚ್ಚಿದೆ. ಅಲಗು ಹಿಡಿಕೆಯೊಳಗೆ ಬಂದಿರುವುದು ಒಂದೂವರೆ ಅಂಗುಲ. ಅದರ ಬಾಲಕ್ಕೆ ಪೆನ್ಸಿಲ್‌ಗಿಂತ ಸಣ್ಣ ಕಬ್ಬಿಣದ ಕಡ್ಡಿ, ಒಂದೇ ಒಂದು ಬೊಟ್ಟು ವೆಲ್ಡಿಂಗ್. ಆ ಬೊಟ್ಟಿನ ಸುತ್ತ ಅರ್ಧ ಸೀಳಾಗಿತ್ತು. ಯಾರಾದರೂ ಹುಡುಗರು ಬೀಸಿದ್ದರೆ ಅಲಗು ಎಲ್ಲಿಗೆ ಹಾರುತ್ತಿತ್ತೋ. ಚಿತ್ತಾರದ ಮೇಲೆ ನೀರುಕಾಗದ (ಉಜ್ಜುವ ಮರಳುಕಾಗದ) ಹಾಕಿ ನಾಲ್ಕು ಸಲ ತಿಕ್ಕಿದೆ, ಹೊರಟೇ ಹೋಯಿತು. ಆಸಿಡ್ ಹಾಕಿದರೂ ಮರಳಿ ಬರಲಿಲ್ಲ. ನಿಜವಾದ ಪದರವಾಗಿದ್ದರೆ ಬರುತ್ತಿತ್ತು. ನಮ್ಮ ಕಡೆಯ ಹೆಸರಾಂತ ಹಳೆಯ ಉಕ್ಕಿಗೆ ಇಂಗ್ಲಿಷಿನವರು ಹೇಳುವ ‘ವೂಟ್ಸ್’ ನಮ್ಮ ‘ಉಕ್ಕು’ ಅನ್ನುವ ಮಾತಿನಿಂದಲೇ ಹುಟ್ಟಿದ್ದೆನ್ನುತ್ತಾರೆ. ಆ ಉಕ್ಕಿನ ನಾಡಿನಲ್ಲಿ ಕೂತು ನಾವು ಅಚ್ಚು ಒತ್ತಿದ ಅಲೆಗೆ 1,600 ಕೊಟ್ಟೆವು.

“ದೇವರ ಮುಂದ ಇಡಾಕ ಸಾಕಲ್ಲೋ,” ಅಂದಳು ಅವ್ವ. ಅದೂ ಸರಿಯೇ. ಹರಿತ ಮಾಡಿಸುವ ಯೋಚನೆ ಬಿಟ್ಟೆ. ಶಸ್ತ್ರಾಸ್ತ್ರ ನಿಯಮದಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಮಾತು ಬರುತ್ತದೆ. ಮನೆಗೆಲಸದ, ಒಕ್ಕಲುತನದ ಆಯುಧಗಳಿಗೆ ಅದರಲ್ಲಿ ವಿನಾಯಿತಿ. ಮಚ್ಚು, ಕೊಡಲಿ ಹೊಲದವು. ತಲವಾರಿಗೆ ಏನು ಹೇಳಲಿ?

ಮೂರರಲ್ಲಿ ಒಂದರ ಅಲಗೂ ತಾನಾಗಿ ಮುರಿಯಲಿಲ್ಲ. ರಿವೆಟ್, ಕಾವು, ಬೊಟ್ಟು ವೆಲ್ಡಿಂಗ್, ತಪ್ಪಿದ್ದೆಲ್ಲ ಕೈ ಹಿಡಿಯುವ ಕಡೆಯೇ. ಅದಕ್ಕೇ ಮುಂದಿನ ಕೆಲಸ ಕಾವಿನದು. ಕರಿಜಾಲಿಯ ನೆಟ್ಟಗಿನ ಟೊಂಗೆ ಕಡಿದು, ಎರಡೂ ತುದಿಗೆ ಮೇಣ ಬಳಿದು ಅಟ್ಟದ ನೆರಳಲ್ಲಿಟ್ಟಿದ್ದೇನೆ. ತುದಿಗಳು ಬೇಗ ಒಣಗಿದರೆ ಸೀಳುತ್ತವೆ. ರವಿವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ: 1,240 ಗ್ರಾಂ, 1,130, 1,065. ತೂಕ ಇಳಿಯುವುದು ನಿಂತ ಮೇಲೆ ಕೆತ್ತಬೇಕು.