ಬೆಲೆ ಏರಿದ ವರ್ಷ ನಾವು ಮಾಡಿದ ತಪ್ಪು

ಮರ ಬೆಳೆಸಿ ಮಾರುವ ಕಂಪನಿಯಲ್ಲಿ ನನ್ನದು ಅಳತೆಯ ಕೆಲಸ. ಗುರುತು ಹಾಕಿಟ್ಟ ಮರಗಳ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆದು ರಿಜಿಸ್ಟರಿಗೆ ಬರೆಯುತ್ತೇನೆ. ಕೆಲವು ವರ್ಷ ಬಿಟ್ಟು ಅದೇ ಮರಗಳನ್ನು ಮತ್ತೆ ಅಳೆಯುತ್ತೇನೆ. ಇದಕ್ಕೂ ಸಂಬಳ ಕೊಡ್ತಾರಾ ಅಂತ ನಿಮಗೆ ಅನ್ನಿಸಬಹುದು. ಹಿಂದೆ ನಾನಿದ್ದ ಕಂಪನಿಯ ಮ್ಯಾನೇಜರಿಗೂ ಹಾಗೇ ಅನ್ನಿಸಿತ್ತು.

ಅಲ್ಲಿ ಒಂದು ವರ್ಷ ನಾಟಾದ ಬೆಲೆ ಜೋರಾಗಿ ಏರಿತು. "ಮರ ಅಲ್ಲೇ ನಿಂತಿರುತ್ತೆ, ಬೆಲೆ ನಿಲ್ಲಲ್ಲ" ಅಂದರು ಮಾರಾಟದವರು. ಕಡಿದೆವು. ಮರುವರ್ಷವೂ ಕಡಿದೆವು. ಅದರ ಮುಂದಿನ ವರ್ಷವೂ.

ಸುಲಭದ ಲೆಕ್ಕದಲ್ಲಿ ಹೇಳ್ತೀನಿ. 2,500 ಹೆಕ್ಟೇರ್ ತೋಪು, ಮರ ಬಲಿಯೋಕೆ 25 ವರ್ಷ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 100 ಹೆಕ್ಟೇರ್ ಕಡಿದು ಅಲ್ಲೇ ಸಸಿ ನೆಟ್ಟರೆ ಕಟಾವು ಎಂದೂ ನಿಲ್ಲುವುದಿಲ್ಲ. 180ರಂತೆ ಮೂರು ವರ್ಷ ಕಡಿದರೆ 240 ಹೆಕ್ಟೇರ್ ಜಾಸ್ತಿ ಹೋಯಿತು. ಅಂದರೆ ಮುಂದೆ ಸುಮಾರು ಎರಡೂವರೆ ವರ್ಷ ಕಡಿಯೋಕೆ ಬಲಿತ ಮರವೇ ಇಲ್ಲ. "ಮತ್ತೆ ನೆಟ್ಟಿದ್ದೀವಲ್ಲ" ಅಂತ ಆಗ ನಾವೂ ಹೇಳಿಕೊಂಡೆವು. ನೆಟ್ಟದ್ದು ಕೈಗೆ ಬರೋದು 25 ವರ್ಷದ ನಂತರ, ಅಲ್ವಾ?

ನಮ್ಮ ಮರ ಕೊಯ್ಯುವ ಮಿಲ್ಲು ವಾರಕ್ಕೆ ಮೂರೇ ದಿನ ಓಡುವಂತಾಯಿತು. ಆ ಕೊರತೆ ತುಂಬಿಸಲು ಎಳೆಯ ಮರಕ್ಕೆ ಕೈ ಹಾಕಿದೆವು. ದಿಮ್ಮಿ ಸಣ್ಣ, ಹಲಗೆ ಕಡಿಮೆ, ಹೊಟ್ಟು ಜಾಸ್ತಿ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಯಾರೂ ಎಣಿಸದ ಕಡೆಯಿಂದ ಬಿತ್ತು. ಗರಗಸದ ಮುಂದೆ ಪಳಗಿದ್ದವರು ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಹೋದರು. ಕೊನೆಗೆ ಒಳ್ಳೆ ಮರ ಬಂದಾಗ ಅದನ್ನು ನೆಟ್ಟಗೆ ಕೊಯ್ಯುವವರು ಇರಲಿಲ್ಲ.

ಇದೇನು ಹೊಸ ತಿಳಿವಳಿಕೆ ಅಲ್ಲ. ಬೆಳೆದಷ್ಟೇ ಕಡಿಯಬೇಕು ಅಂತ 1713ರಲ್ಲೇ ಜರ್ಮನಿಯ ಸ್ಯಾಕ್ಸನಿಯಲ್ಲಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಬರೆದಿದ್ದರು. ಅವರು ಗಣಿ ಇಲಾಖೆಯ ಅಧಿಕಾರಿ. ಬೆಳ್ಳಿ ಕರಗಿಸುವ ಒಲೆಗಳಿಗೆ ಸೌದೆ ಸಾಲದೆ ಬಂದಾಗ ಹುಟ್ಟಿದ ಯೋಚನೆ ಅದು.

ಈಗಿನ ಕಂಪನಿಯಲ್ಲಿ ವರ್ಷದ ಕಟಾವು ರಿಜಿಸ್ಟರ್ ನೋಡಿ ಮೊದಲೇ ನಿಗದಿಯಾಗುತ್ತದೆ. ಆಮೇಲೆ ಮಾರಾಟದವರ ಮೀಟಿಂಗು. ಬೆಲೆ ಚೆನ್ನಾಗಿದ್ದರೆ ಸ್ವಲ್ಪ ಜಾಸ್ತಿ ಕಡಿಯಬಹುದು, ಆದರೆ ಐದು ವರ್ಷದ ಒಟ್ಟು ಲೆಕ್ಕ ಮೀರುವಂತಿಲ್ಲ. ನಡುವಿನ ಖರ್ಚಿಗೆ ಒತ್ತಾಗಿ ಬೆಳೆದ ಕಡೆ ಸೊರಗಿದ ಮರ ತೆಗೆದು ಮಾರುತ್ತೇವೆ. ಉಳಿದವು ದಪ್ಪವಾಗುತ್ತವೆ. ಕಾಡನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವವರಿಗೆ ಸಿಗುವ ಎಫ್‌ಎಸ್‌ಸಿ ಪ್ರಮಾಣಪತ್ರದ ಆಡಿಟ್‌ಗೆ ಬಂದವರು ಕೇಳಿದ್ದೂ ಇದೇ ರಿಜಿಸ್ಟರನ್ನು.

ಒಂದೇ ಜಾತಿ, ಒಂದೇ ವಯಸ್ಸಿನ ತೋಪು ಮಾತ್ರ ನನಗೆ ಇವತ್ತಿಗೂ ಭಯ. 2005ರ ಜನವರಿಯಲ್ಲಿ ಗುಡ್ರುನ್ ಬಿರುಗಾಳಿ ದಕ್ಷಿಣ ಸ್ವೀಡನ್ನಿನಲ್ಲಿ ಸುಮಾರು 7.5 ಕೋಟಿ ಘನ ಮೀಟರ್ ಮರ ಉರುಳಿಸಿತು. ಹೆಚ್ಚಿನದು ಸ್ಪ್ರೂಸ್ ಅನ್ನುವ, ಸೂಜಿಯಂಥ ಎಲೆಯ ಮರ. ಬಿದ್ದ ಮರದಲ್ಲಿ ತೊಗಟೆ ಹುಳು ಹುಟ್ಟಿ, ನಿಂತ ಮರಕ್ಕೂ ಹತ್ತಿತು. ಹಾಗಾಗಿ ಬೇರೆ ಬೇರೆ ಜಾತಿಯ ಸಸಿ ಹಾಕಿ ಅಂತ ನಾನು ಪ್ರತಿ ವರ್ಷ ಹೇಳ್ತೀನಿ. ನರ್ಸರಿಯವರು ತಲೆ ಕೆರೆದುಕೊಳ್ತಾರೆ.

ಹೋದ ತಿಂಗಳು ಮಾರಾಟದ ಹುಡುಗ ಬಂದು, "ಸರ್, ಹದಿನಾಲ್ಕನೇ ಬ್ಲಾಕಿಗೆ ಇನ್ನು ಮೂರೇ ವರ್ಷ ತಾನೆ, ಈಗಲೇ ಕಡಿದರೆ ಏನು?" ಅಂದ. ವಾದ ಮಾಡಲಿಲ್ಲ. ಟೇಪು ಕೈಗೆ ಕೊಟ್ಟು ತೋಪಿಗೆ ಕರೆದುಕೊಂಡು ಹೋದೆ. ಅರ್ಧ ದಿನ ಅಳೆದ, ಹಳೇ ಅಂಕಿ ಪಕ್ಕದಲ್ಲಿ ಹೊಸದು ತಾನೇ ಬರೆದ. ಸ್ವಲ್ಪ ಹೊತ್ತು ಪುಟ ನೋಡುತ್ತಾ ನಿಂತು, "ಸರಿ, ಹತ್ತನೇ ಬ್ಲಾಕ್ ಯಾವಾಗ?" ಅಂತ ಕೇಳಿದ.