ಹತ್ತಿರದ್ದನ್ನೇ ವರ್ಷಗಟ್ಟಲೆ ನೋಡುವ ಹವ್ಯಾಸ

ಛಾಯಾಗ್ರಹಣವನ್ನು ಹವ್ಯಾಸವಾಗಿ ಇಟ್ಟುಕೊಂಡವರಿಗೆ ವೃತ್ತಿಯಾಗಿ ಮಾಡುವವರಿಗಿಲ್ಲದ ಒಂದು ದೊಡ್ಡ ಅನುಕೂಲವಿದೆ. ಅದು ಕಾಲ. ವೃತ್ತಿಯವರು ಒಪ್ಪಿಕೊಂಡ ಕೆಲಸ ಮುಗಿಸಿ, ಚಿತ್ರಗಳನ್ನು ಕೊಟ್ಟು ಮುಂದಿನ ಕೆಲಸಕ್ಕೆ ಹೊರಡಲೇಬೇಕು. ಹವ್ಯಾಸಿಗಾದರೋ ಒಂದೇ ಮರವನ್ನು, ಒಂದೇ ಕಿಟಕಿಯನ್ನು, ಒಂದೇ ಮುಖವನ್ನು ಮೂವತ್ತು ನಲವತ್ತು ವರ್ಷ ತೆಗೆಯುತ್ತಲೇ ಇರುವ ಸ್ವಾತಂತ್ರ್ಯವಿದೆ. ಯಾವುದೋ ತಿಂಗಳು ಒಂದೂ ಫೋಟೊ ತೆಗೆಯದಿದ್ದರೆ ಕೇಳುವವರಿಲ್ಲ, ಒಂದೇ ಸಂಜೆ ರಾಶಿ ರಾಶಿ ತೆಗೆದರೆ ತಡೆಯುವವರೂ ಇಲ್ಲ. ಬಾಲ್ಯದಿಂದ ಇಂದಿನವರೆಗೆ ಈ ಹವ್ಯಾಸ ನನ್ನ ಕೈ ಬಿಡದಿರುವುದಕ್ಕೆ ಈ ನಿರಾಳವೇ ಕಾರಣವೆಂದು ನಾನು ನಂಬಿದ್ದೇನೆ.

ಸಾಮಾನ್ಯರಿಗೆ ಈ ಸ್ವಾತಂತ್ರ್ಯ ಸಿಕ್ಕಿದ್ದು ತೀರ ಹಿಂದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫೋಟೊ ತೆಗೆಯುವವರು ಗಾಜಿನ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವುದರೊಳಗೆ ಚಿತ್ರ ಹಿಡಿದು, ಕೂಡಲೇ ಕತ್ತಲಕೋಣೆಯಲ್ಲಿ ಸಂಸ್ಕರಿಸಬೇಕಾಗಿತ್ತು. ಹೊರಗೆ ಹೋದರೆ ಕತ್ತಲಕೋಣೆಯನ್ನೂ ಗುಡಾರವಾಗಿಯೋ ಗಾಡಿಯಾಗಿಯೋ ಜೊತೆಗೆ ಒಯ್ಯಬೇಕಿತ್ತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಕೊಡಾಕ್ ಕ್ಯಾಮೆರಾದೊಳಗೆ ನೂರು ಚಿತ್ರಗಳಿಗಾಗುವಷ್ಟು ಫಿಲ್ಮ್ ಸುರುಳಿ ಮೊದಲೇ ತುಂಬಿರುತ್ತಿತ್ತು. ಅಷ್ಟೂ ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ ಮುದ್ರಿಸಿದ ಚಿತ್ರಗಳೊಡನೆ, ಹೊಸ ಸುರುಳಿ ತುಂಬಿಕೊಂಡು ಅದು ಮರಳಿ ಬರುತ್ತಿತ್ತು. ರಸಾಯನಶಾಸ್ತ್ರದ ಗಂಧವೇ ಇಲ್ಲದವರೂ ತಮ್ಮ ಮನೆಯವರ, ತಮ್ಮ ತಿರುಗಾಟದ ಚಿತ್ರ ತೆಗೆಯಲು ಆಗ ದಾರಿ ತೆರೆಯಿತು. 1925ರಲ್ಲಿ ಬಂದ ಲೈಕಾ, ಚಲನಚಿತ್ರಗಳ 35 ಮಿಲಿಮೀಟರ್ ಫಿಲ್ಮನ್ನೇ ಬಳಸಿ ಕ್ಯಾಮೆರಾವನ್ನು ಕೋಟಿನ ಜೇಬಿಗೆ ಇಳಿಸಿತು. ಉಳಿದ ಕಥೆ ಎಲ್ಲರಿಗೂ ಗೊತ್ತು.

ನಾನು ಗೌರವದಿಂದ ನೆನೆಯುವ ಹವ್ಯಾಸಿಯೆಂದರೆ ಫ್ರಾನ್ಸಿನ ಝಾಕ್ ಆನ್ರಿ ಲಾರ್ಟಿಗ್. 1894ರಲ್ಲಿ ಹುಟ್ಟಿದ ಆತ ಎಳೆಯ ವಯಸ್ಸಿನಲ್ಲಿಯೇ ಕ್ಯಾಮೆರಾ ಹಿಡಿದು ಅಣ್ಣನ ಸಾಹಸಗಳನ್ನು, ಮನೆಯವರ ಆಟಪಾಟಗಳನ್ನು, ಮೋಟಾರು ಕಾರುಗಳ ಓಟವನ್ನು, ಆಗತಾನೆ ನೆಲ ಬಿಟ್ಟು ಏಳುತ್ತಿದ್ದ ವಿಮಾನಗಳನ್ನು ತೆಗೆದ. ತನ್ನನ್ನು ಚಿತ್ರಕಾರನೆಂದೇ ತಿಳಿದಿದ್ದ ಆತ ಫೋಟೊಗಳನ್ನು ತನ್ನ ಸಂತೋಷಕ್ಕಾಗಿ ಆಲ್ಬಮ್‌ಗಳಲ್ಲಿ ಅಂಟಿಸಿ ಇಟ್ಟುಕೊಂಡ. ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಅವುಗಳನ್ನು 1963ರಲ್ಲಿ ಪ್ರದರ್ಶಿಸಿದಾಗ ಆತನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಆ ಮನ್ನಣೆ ದೊಡ್ಡದೇ. ಆದರೆ ನನ್ನನ್ನು ಸೆಳೆಯುವುದು ಅದಕ್ಕೆ ಮುಂಚಿನ ದಶಕಗಳು. ಹೊಗಳುವವರು ಯಾರೂ ಇಲ್ಲದಿದ್ದಾಗಲೂ ಆತನ ಉತ್ಸಾಹ ಕುಗ್ಗಲಿಲ್ಲ. ಫೋಟೊ ತೆಗೆದ ಮರುಗಳಿಗೆಯೇ ಎಷ್ಟು ಜನ ಮೆಚ್ಚಿದರೆಂದು ಎಣಿಸುವ ಅಭ್ಯಾಸ ಈ ಹವ್ಯಾಸದ ಬೇರಿಗೇ ಪೆಟ್ಟು ಕೊಡುತ್ತದೆ ಎಂಬ ನನ್ನ ಅಭಿಪ್ರಾಯ ಲಾರ್ಟಿಗ್‌ನ ಬದುಕನ್ನು ಓದಿದ ಮೇಲೆ ಇನ್ನಷ್ಟು ಗಟ್ಟಿಯಾಯಿತು.

ಕಾಲ ಫೋಟೊಕ್ಕೆ ಏನನ್ನು ಸೇರಿಸುತ್ತದೆ ಎಂಬುದನ್ನು ತಿಳಿಯಲು ಯಾವುದಾದರೂ ಹಳೆಯ ಮನೆಯ ಚಿತ್ರವನ್ನು ಕೈಗೆತ್ತಿಕೊಳ್ಳಬೇಕು. ನನ್ನ ಬಳಿ ಅಂಥದೊಂದಿದೆ. ಸಾಲಾಗಿ ನಿಂತ ಮಕ್ಕಳು, ಅವರ ಹಿಂದೆ ಕುರ್ಚಿಯಲ್ಲಿ ಕುಳಿತ ಹಿರಿಯರು, ಎಲ್ಲರ ದೃಷ್ಟಿಯೂ ಕ್ಯಾಮೆರಾದ ಕಡೆಗೆ. ತೆಗೆದ ದಿನ ಎಲ್ಲರೂ ನೋಡಿದ್ದು ಮುಖಗಳನ್ನು, ಯಾರು ಕಣ್ಣು ಮುಚ್ಚಿದ್ದಾರೆ ಎಂಬುದನ್ನು. ಇಂದು ನನ್ನ ಕಣ್ಣು ಹೋಗುವುದು ಹಿಂಬದಿಗೆ: ಬಟ್ಟೆಯ ಹೊದಿಕೆ ಹೊದ್ದ ರೇಡಿಯೊ, ಗೋಡೆಯಲ್ಲಿ ಸ್ವಲ್ಪ ವಾಲಿದ ಗಡಿಯಾರ, ಬಾಗಿಲ ಪಕ್ಕದಲ್ಲಿ ಬಿಟ್ಟ ಚಪ್ಪಲಿಗಳ ಸಾಲು, ಅದರಲ್ಲಿ ಚಿತ್ರದೊಳಗೆ ಇಲ್ಲದವರ ಒಂದು ಜೊತೆ. ಆ ಜೊತೆ ಫೋಟೊ ತೆಗೆಯುತ್ತಿದ್ದವರದೇ ಇರಬೇಕು. ಯಾರೂ ಬೇಕೆಂದು ಚೌಕಟ್ಟಿನೊಳಗೆ ಸೇರಿಸದಿದ್ದ ಈ ವಸ್ತುಗಳು ಇಂದು ಆ ಮನೆಯನ್ನು ಮುಖಗಳಿಗಿಂತ ಹೆಚ್ಚು ನಿಖರವಾಗಿ ಹೇಳುತ್ತವೆ. ಆದ್ದರಿಂದಲೇ ಹಿಂಬದಿಯನ್ನು ಪೂರ್ತಿ ಮಸುಕಾಗಿಸಿ ಮುಖವನ್ನಷ್ಟೇ ಹೊಳೆಯಿಸುವ ಈಗಿನ ರೂಢಿಯನ್ನು ಮನೆಯ ಚಿತ್ರಗಳ ಮಟ್ಟಿಗೆ ನಾನು ಒಪ್ಪುವುದಿಲ್ಲ. ಮೇಜಿನ ಮೇಲಿನ ಚಾರ್ಜರ್, ಅರ್ಧ ಓದಿದ ಪುಸ್ತಕ, ಕುರ್ಚಿಯ ಬೆನ್ನಿಗೆ ಹಾಕಿದ ಅಂಗಿ ಇವನ್ನೆಲ್ಲ ಫೋಟೊಕ್ಕಾಗಿ ಎತ್ತಿಡುವ ಅವಸರವೂ ಬೇಡ. ಇನ್ನು ಇಪ್ಪತ್ತು ವರ್ಷಕ್ಕೆ ನೋಡುವವರು ಅವುಗಳನ್ನೇ ಬೆರಳಿಟ್ಟು ತೋರಿಸುತ್ತಾರೆ.

ಒಂದೇ ಜಾಗವನ್ನು ಮತ್ತೆ ಮತ್ತೆ ತೆಗೆಯುವುದರಲ್ಲಿ ಇನ್ನೊಂದು ಸುಖವಿದೆ. ಮನೆಯ ಮೆಟ್ಟಿಲುಗಳ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ನಾನು ಬಹುಕಾಲದಿಂದ ತೆಗೆಯುತ್ತಾ ಬಂದಿದ್ದೇನೆ. ಡಿಸೆಂಬರಿನಲ್ಲಿ ಕಿಟಕಿಯ ಸರಳುಗಳ ನೆರಳು ಕೆಳಗಿನ ಮೆಟ್ಟಿಲುಗಳ ಮೇಲೆ ಓರೆಯಾಗಿ, ಉದ್ದವಾಗಿ ಚಾಚಿರುತ್ತದೆ. ಮಾರ್ಚಿನ ಹೊತ್ತಿಗೆ ಅದು ಗೋಡೆಗೆ ಸರಿದಿರುತ್ತದೆ, ಜೂನಿನಲ್ಲಿ ಬಿಸಿಲು ಆ ಕಿಟಕಿಯಿಂದ ಒಳಗೆ ಬರುವುದೇ ಇಲ್ಲ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲಿರುಳು ಸಮನಾಗುವ ವಿಷುವದ ಆಸುಪಾಸಿನಲ್ಲಿ ಮಾತ್ರ. ಉಳಿದಂತೆ ಜೂನಿನವರೆಗೆ ಉತ್ತರಕ್ಕೂ ಡಿಸೆಂಬರಿನವರೆಗೆ ದಕ್ಷಿಣಕ್ಕೂ ಅವನು ಜರುಗುತ್ತಿರುತ್ತಾನೆ. ಉತ್ತರಾಯಣ, ದಕ್ಷಿಣಾಯನವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನನಗೆ ನಿಜಕ್ಕೂ ಮನದಟ್ಟಾದದ್ದು ಈ ಮೆಟ್ಟಿಲುಗಳ ಫೋಟೊಗಳನ್ನು ತಿಂಗಳ ಕ್ರಮದಲ್ಲಿ ಜೋಡಿಸಿದಾಗ. ಅಲ್ಲಿಂದಾಚೆಗೆ ಹೊಸ ಕೋಣೆಯೊಂದಕ್ಕೆ ಕಾಲಿಟ್ಟ ಕೂಡಲೇ ಬೆಳಕು ಎತ್ತಣಿಂದ ಬರುತ್ತಿದೆ, ಯಾವ ಹೊತ್ತಿಗೆ ಎಲ್ಲಿಗೆ ತಲುಪೀತು ಎಂದು ಅಂದಾಜು ಮಾಡುವುದು ಕಣ್ಣಿಗೆ ತಾನಾಗಿ ರೂಢಿಯಾಗಿದೆ. ಕ್ಯಾಮೆರಾ ಕೈಯಲ್ಲಿಲ್ಲದಾಗಲೂ ಉಳಿಯುವ ಈ ನೋಟವನ್ನೇ ನಾನು ಹವ್ಯಾಸದ ನಿಜವಾದ ಗಳಿಕೆಯೆಂದು ಎಣಿಸುತ್ತೇನೆ.

ಉಪಕರಣದ ವಿಷಯದಲ್ಲಿ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಕೈಯಲ್ಲಿರುವ ಫೋನೇ ಧಾರಾಳವಾಗಿ ಸಾಕು. ಅದರ ಒಂದು ಗುಣವನ್ನು ಮಾತ್ರ ಅರಿತಿರಬೇಕು. ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ ವಿಶಾಲ ಕೋನದ್ದಾಗಿರುವುದರಿಂದ ಚೌಕಟ್ಟು ತುಂಬಿಸಲು ತೀರ ಹತ್ತಿರ ಹೋಗುತ್ತೇವೆ, ಹಾಗೆ ಹೋದಾಗ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಎರಡು ಹೆಜ್ಜೆ ಹಿಂದೆ ನಿಂತು, ಜೂಮ್ ಲೆನ್ಸ್ ಇದ್ದರೆ ಅದನ್ನು ಬಳಸಿ, ಇಲ್ಲವಾದರೆ ಆಮೇಲೆ ಅಂಚು ಕತ್ತರಿಸಿಕೊಂಡರೆ ಮುಖ ಮುಖದಂತೆಯೇ ಬರುತ್ತದೆ. ಕೋಣೆಯೊಳಗೆ ಫ್ಲ್ಯಾಶ್ ಹಚ್ಚುವ ಬದಲು ಕುಳಿತವರನ್ನು ಕಿಟಕಿಯ ಕಡೆಗೆ ತುಸು ತಿರುಗಿಸಿದರೆ ಕೆನ್ನೆಯ ಒಂದು ಪಕ್ಕದಲ್ಲಿ ಮೃದುವಾದ ನೆರಳು ಮೂಡಿ ಮುಖಕ್ಕೆ ದುಂಡುತನ ಬರುತ್ತದೆ. ಓಡಾಡುವ ಮಕ್ಕಳಿಗೆ ಷಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಡುವ ಅವಧಿ, ಸೆಕೆಂಡಿನ 1/500 ಭಾಗ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಇಷ್ಟು ತಿಳಿದುಕೊಂಡರೆ ಬಹುಕಾಲ ಸಾಗುತ್ತದೆ.

ರೀಲಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳ ಮಿತಿಯಿತ್ತು, ತೊಳೆಸಿ ತರುವವರೆಗೆ ಫಲಿತಾಂಶ ಕಾಣುತ್ತಿರಲಿಲ್ಲ. ಆ ಮಿತಿ ಈಗಿಲ್ಲ, ಅದು ಹೋದದ್ದಕ್ಕೆ ನನಗೆ ಬೇಸರವೂ ಇಲ್ಲ. ಆದರೆ ಅದು ತಾನಾಗಿ ಮಾಡುತ್ತಿದ್ದ ಆಯ್ಕೆಯ ಕೆಲಸವನ್ನು ಈಗ ನಾವೇ ಮಾಡಬೇಕಾಗಿದೆ. ತಿಂಗಳಿಗೊಮ್ಮೆ ಕುಳಿತು, ಒಂದೇ ದೃಶ್ಯದ ಹತ್ತು ಚಿತ್ರಗಳಲ್ಲಿ ಒಂದನ್ನು ಉಳಿಸಿ ಒಂಬತ್ತನ್ನು ಅಳಿಸುವುದು ಫೋಟೊ ತೆಗೆಯುವಷ್ಟೇ ಖುಷಿಯ ಕೆಲಸವೆಂದು ಮಾಡುತ್ತಾ ಮಾಡುತ್ತಾ ತಿಳಿಯುತ್ತದೆ. ಉಳಿದವುಗಳ ಪ್ರತಿ ಫೋನಿನ ಹೊರಗೆ ಎರಡು ಕಡೆಯಾದರೂ ಇರಬೇಕು, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿದ್ದರೆ ಇನ್ನೂ ಕ್ಷೇಮ.

ಆದರೂ ಕಾಗದದ ಮೇಲಿನ ಮುದ್ರಣಕ್ಕೆ ಸಾಟಿಯಿಲ್ಲ. ವರ್ಷದ ಕೊನೆಗೆ ಆಯ್ದ ಒಂದಷ್ಟು ಚಿತ್ರಗಳನ್ನು ಮುದ್ರಿಸಿ, ಬೆನ್ನಿಗೆ ಮೃದುವಾದ ಪೆನ್ಸಿಲಿನಿಂದ ಹಗುರವಾಗಿ ಹೆಸರು, ಜಾಗ, ತಿಂಗಳು ಬರೆದಿಡುವುದು ನನ್ನ ಪದ್ಧತಿ. ಬಾಲ್‌ಪೆನ್ ಒತ್ತಿ ಬರೆದರೆ ಅಚ್ಚು ಮುಂಭಾಗಕ್ಕೂ ಮೂಡುತ್ತದೆ. ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಹೆಸರಿಲ್ಲದ ಮುಖ ಎರಡು ತಲೆಮಾರಿನಲ್ಲಿ ಅಪರಿಚಿತವಾಗುತ್ತದೆ. ಹಳೆಯ ಆಲ್ಬಮ್‌ಗಳಲ್ಲಿ ಇಂಥ ಮುಖಗಳು ಇನ್ನೂ ಬೇಕಾದಷ್ಟಿವೆ. ಅವುಗಳನ್ನು ಬಲ್ಲ ಹಿರಿಯರ ಪಕ್ಕದಲ್ಲಿ ಕುಳಿತು, ಒಂದೊಂದೇ ಪುಟ ತಿರುವಿಸಿ, ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳುವ ಕೆಲಸವನ್ನು ಈ ವರ್ಷ ಕೈಗೆತ್ತಿಕೊಂಡಿದ್ದೇನೆ. ಹೆಸರಿನ ಜೊತೆಗೆ ಆ ದಿನ ಯಾರು ಮುನಿಸಿಕೊಂಡಿದ್ದರು, ಯಾರ ಅಂಗಿಯನ್ನು ಯಾರು ತೊಟ್ಟಿದ್ದರು ಎಂಬುದೂ ಹೊರಬರುತ್ತದೆ, ಅದನ್ನೂ ಬರೆದುಕೊಳ್ಳುತ್ತಿದ್ದೇನೆ.